ಓದದ ಕೈ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಮಾತು ನಮ್ಮಲ್ಲಿ ಎಷ್ಟು ತಲೆಮಾರಿನಿಂದ ಇದೆಯೋ ಯಾರೂ ಲೆಕ್ಕ ಇಟ್ಟಿಲ್ಲ. ಅದೇ ಮಾತನ್ನು ಯಂತ್ರ ಮಾಡಿ ಸರ್ಕಾರಿ ಅಧಿಕಾರಿಗಳ ಕೈಗೆ ಕೊಡಲು ನಲವತ್ತೊಂದು ದೇಶಗಳಿಗೆ ಹನ್ನೆರಡು ವರ್ಷ ಬೇಕಾಯಿತು.

ಯಂತ್ರವೆಂದರೆ ಒಂದು ಪೆನ್ನು. ಆ ದೇಶಗಳು ಮಾಡಿಕೊಂಡ ಒಪ್ಪಂದದ ಕಾಗದಗಳಲ್ಲಿ ಅದರ ಹೆಸರು ಸಾಕ್ಷಿ ಲೇಖನಿ. ಕಚೇರಿಗಳಲ್ಲಿ ಎಲ್ಲರೂ ಕರೆಯುತ್ತಿದ್ದುದು ಅಳುಕು ಪೆನ್ನು. ಮನಸ್ಸು ಒಪ್ಪದ್ದಕ್ಕೆ ಸಹಿ ಹಾಕುವಾಗ ಬೆರಳು ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತದೆ, ತುದಿ ಬೆವರುತ್ತದೆ, ಒತ್ತು ಹೆಚ್ಚುಕಡಿಮೆ ಆಗುತ್ತದೆ. ಪೆನ್ನು ಈ ಮೂರನ್ನೂ ಅಳೆದು ನೂರಕ್ಕೆ ಇಷ್ಟು ಎಂದು ಒಂದು ಅಂಕಿ ಕೊಡುತ್ತದೆ. ಅದು ಅಳುಕಂಕ. ಮೂವತ್ತು ದಾಟಿದರೆ ಸಹಿ ಅಮಾನ್ಯ. ವರ್ಷದಲ್ಲಿ ಮೂರು ಸಲ ದಾಟಿದರೆ ಅಧಿಕಾರಿ ಅಮಾನತು. ತಮ್ಮವರನ್ನು ತಾವೇ ತೂಗಿದರೆ ತಕ್ಕಡಿ ವಾಲುತ್ತದೆಂದು, ಯಾವ ದೇಶವೂ ತನ್ನ ಪೆನ್ನುಗಳನ್ನು ತಾನೇ ಕಾಯುವಂತಿಲ್ಲ ಎಂಬ ನಿಯಮವಿತ್ತು. ಹಾಗಾಗಿ ಧಾರವಾಡದ ಋಜುತ್ವ ಕೇಂದ್ರದಲ್ಲಿ ಕೂತವರು ಉರುಗ್ವೆ ದೇಶದ ಪೆನ್ನುಗಳನ್ನು ನೋಡುತ್ತಿದ್ದರು. ಕರ್ನಾಟಕದ ಹದಿನಾರು ಸಾವಿರ ಪೆನ್ನುಗಳನ್ನು ಉರುಗ್ವೆಯ ರಾಜಧಾನಿಯಲ್ಲಿ ಕೂತವರು ನೋಡುತ್ತಿದ್ದರು.

ಮೊದಲ ಎರಡು ವರ್ಷ ಬಂಗಾರದಂಥವು. ಜಾತಿ ಪ್ರಮಾಣಪತ್ರಕ್ಕೆ ಹೋದವರು ಅದೇ ದಿನ ಕೈಯಲ್ಲಿ ಹಿಡಿದು ಬಂದರು. ಸೇತುವೆಗಳು ಮಳೆಗಾಲ ದಾಟಿದರೂ ನಿಂತಿದ್ದವು. ಜನ ಪೆನ್ನಿಗೆ ಊದುಬತ್ತಿ ಬೆಳಗುವುದೊಂದು ಬಾಕಿ. ಆಮೇಲೆ ನಮ್ಮ ಕಚೇರಿಗಳು ತಮ್ಮ ಹಳೆಯ ಬುದ್ಧಿ ತೋರಿಸಿದವು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವವರಿಗೆ ಪೆನ್ನೊಂದು ಎಷ್ಟರದು? ಯಾವ ಊರಿನ ಯಾವ ಗುಮಾಸ್ತ ಮೊದಲು ಕಂಡುಹಿಡಿದನೋ, ಕಿಟಕಿ ರಟ್ಟು ಎಂಬ ಒಂದು ವಸ್ತು ಬಂತು. ಫೈಲಿನಷ್ಟೇ ಅಗಲದ ದಪ್ಪ ರಟ್ಟು; ಸಹಿ ಬೀಳುವ ಜಾಗದಲ್ಲಿ ಮಾತ್ರ ಎರಡು ಬೆರಳಗಲ ಕತ್ತರಿಸಿದ ಕಿಂಡಿ. ಗುಮಾಸ್ತ ಅದನ್ನು ಕಾಗದದ ಮೇಲೆ ಇಟ್ಟು ಹಿಡಿಯುತ್ತಾನೆ, ಸಾಹೇಬರು ಕಿಂಡಿಯೊಳಗೆ ಸಹಿ ಹಾಕುತ್ತಾರೆ. ಕೆಳಗೆ ಏನಿದೆಯೆಂದು ಗೊತ್ತಿಲ್ಲದವನಿಗೆ ಅಳುಕು ಎಲ್ಲಿಂದ ಬರಬೇಕು? ಓದದ ಕೈ ನಡುಗದು ಎಂಬ ಹೊಸ ಗಾದೆಯೇ ಹುಟ್ಟಿತು. ಸ್ಟೇಷನರಿ ಅಂಗಡಿಗಳಲ್ಲಿ ಕಿಟಕಿ ರಟ್ಟು ಡಜನ್ ಲೆಕ್ಕದಲ್ಲಿ ಮಾರಾಟಕ್ಕೆ ಬಂತು. ಒಪ್ಪಂದ ನಲವತ್ತೊಂದು ದೇಶ ಮುಟ್ಟಲು ಹನ್ನೆರಡು ವರ್ಷ ಹಿಡಿದಿತ್ತು. ರಟ್ಟು ಎಂಟು ತಿಂಗಳಲ್ಲಿ ಮುಟ್ಟಿತು.

ವೀರಭದ್ರ ಹೂಗಾರನಿಗೆ ಇದೆಲ್ಲ ಗೊತ್ತಿತ್ತು. ಅವನು ಕೇಂದ್ರದ ಹಿರಿಯ ತಂತ್ರಜ್ಞ. ಕರ್ನಾಟಕದ ಪೆನ್ನುಗಳನ್ನು ಹಂಚುವ ಮೊದಲು ಶ್ರುತಿ ಮಾಡುವವನು, ಅಂದರೆ ಅಳತೆ ಸರಿಹೊಂದಿಸುವವನು. ಮೂವತ್ತು ಎಂಬ ಗಡಿಯನ್ನು ನಿಲ್ಲಿಸಿದ ಪರೀಕ್ಷೆ ನಡೆಸಿದವನೂ ಅವನೇ.

ಆ ಸೋಮವಾರ ಬೆಳಿಗ್ಗೆ ಅವನು ಕೇಂದ್ರಕ್ಕೆ ಬಂದು, ಊಟದ ಡಬ್ಬಿಯನ್ನು ಕಪಾಟಿನಲ್ಲಿಟ್ಟು, ಪರದೆಯ ಮುಂದೆ ಕೂತಾಗ ಉರುಗ್ವೆಯಿಂದ ಒಂದು ಪತ್ರ ಬಂದಿತ್ತು. ಬರೆದವಳು ಮಾರಿಸೋಲ್, ಅಲ್ಲಿಯ ಪರಿಶೀಲಕಿ. ಐದು ವರ್ಷದಿಂದ ಇಬ್ಬರಿಗೂ ಪತ್ರವ್ಯವಹಾರ. ಒಮ್ಮೆಯೂ ಮುಖ ನೋಡಿದವರಲ್ಲ. ಅವಳ ಮಾತನ್ನು ಅನುವಾದ ಯಂತ್ರ ಹಳೆಯ ಶಾಲಾ ಪಠ್ಯದ ಕನ್ನಡಕ್ಕೆ ತಿರುಗಿಸಿ ಕಳಿಸುತ್ತಿತ್ತು.

"ಮಾನ್ಯ ಹೂಗಾರರೇ, ಒಂದು ತಾಂತ್ರಿಕ ಸಂದೇಹವನ್ನು ತಮ್ಮ ಮುಂದಿಡುತ್ತೇನೆ. ತಮ್ಮ ರಾಜ್ಯದ ಪೆನ್ನುಗಳೆಲ್ಲವೂ ಹತ್ತಕ್ಕಿಂತ ಕೆಳಗಿರುವುವು. 70438 ಎಂಬ ಪೆನ್ನು ಮಾತ್ರ ಕಸಬರಿಗೆ ಖರೀದಿಗೂ ಹದಿನೆಂಟು ತೋರಿಸುತ್ತದೆ. ಶುಕ್ರವಾರ ಕುಡಿಯುವ ನೀರಿನ ಒಂದು ಆದೇಶಕ್ಕೆ ಅರವತ್ತನಾಲ್ಕು ತೋರಿಸಿತು. ಇದು ಮೂರನೆಯ ಸಲ. ಆದೇಶವನ್ನು ತಡೆಹಿಡಿದಿರುವೆನು. ಪೆನ್ನು ಕೆಟ್ಟಿದೆಯೋ, ಇಲ್ಲವೇ ಆ ಅಧಿಕಾರಿ ದುಷ್ಟರೋ ನಾನರಿಯೆ. ಶ್ರುತಿ ಮಾಡಿದವರು ತಾವು. ಮೂರು ದಿನಗಳೊಳಗೆ ತಮ್ಮ ಸಹಿಯೊಂದಿಗೆ ಉತ್ತರಿಸಿರಿ. ಶ್ರುತಿಯಲ್ಲಿ ದೋಷವಿದ್ದಲ್ಲಿ ಆದೇಶವು ಮರುಜೀವ ಪಡೆಯುವುದು."

ಪರಿಶೀಲಕರಿಗೆ ಕಾಣುವುದು ಪೆನ್ನಿನ ಸಂಖ್ಯೆ ಮಾತ್ರ, ಹೆಸರಲ್ಲ. ಆದರೆ 70438ನ್ನು ಪೆಟ್ಟಿಗೆಯಿಂದ ಆರಿಸಿ ತೆಗೆದಿಟ್ಟವನು ವೀರಭದ್ರನೇ. ಕೊನೆಯ ಎರಡು ಅಂಕಿ ಅವನ ಮದುವೆಯ ಇಸವಿ. ಆ ಪೆನ್ನು ಅವನ ಹೆಂಡತಿಯದು.

ನೀಲಾಂಬಿಕಾ ಕಂಬಳಿಹಾಳ ಪಟ್ಟಣದ ನೀರು ಸರಬರಾಜು ವಿಭಾಗದ ಎಂಜಿನಿಯರ್. ದಿನಾ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋಗಿ ಸಂಜೆ ಬರುವವಳು. ಅವಳ ಅಪ್ಪ ಗದಗಿನ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದ. ಪೆನ್ಸಿಲಿನ ತುದಿಯನ್ನು ಸಾಲಿನ ಕೆಳಗೆ ಓಡಿಸುತ್ತ, ತುಟಿ ಆಡಿಸುತ್ತ ಓದುವುದನ್ನು ಮಗಳಿಗೂ ಕಲಿಸಿ ಹೋಗಿದ್ದ. ಅವಳು ಔಷಧಿ ಡಬ್ಬಿಯ ಒಳಗಿನ ಚೀಟಿಯನ್ನೂ ಹಾಗೆಯೇ ಓದುತ್ತಾಳೆ, ಬಸ್ಸಿನ ಟಿಕೆಟ್ಟನ್ನೂ ಓದುತ್ತಾಳೆ. ಕಿಟಕಿ ರಟ್ಟನ್ನು ಅವಳ ಗುಮಾಸ್ತ ಒಂದು ಸಲ ತಂದಿಟ್ಟಿದ್ದನಂತೆ. ಅದನ್ನು ಅವಳು ಮನೆಗೆ ತಂದು ಗ್ಯಾಸ್ ಒಲೆಯ ಹಿಂದೆ ಎಣ್ಣೆ ಸಿಡಿಯದಂತೆ ನಿಲ್ಲಿಸಿದ್ದಳು.

ಅವತ್ತು ಸಂಜೆ ಅವಳು ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಹೋಗದೆ ಪಡಸಾಲೆಯಲ್ಲಿ ಕೂತುಬಿಟ್ಟಳು.

"ಯಾಕ, ಮೈಯಾಗ ಹುಷಾರಿಲ್ಲೇನು?" ವೀರಭದ್ರ ಕೇಳಿದ.

"ಹುಷಾರದೀನ್ರಿ. ಆ ಹೊಸ ಪೈಪಲೈನಿಂದು ಹೇಳಿದ್ನಲ್ಲ, ಅದಕ್ಕ ಶುಕ್ರವಾರ ನೀರು ಬಿಡಬಾರದು ಅಂತ ಆರ್ಡರ್ ಮಾಡಿದೆ. ಗಟಾರದ ಪಕ್ಕದಾಗ ಹಾಯ್ದಾವು ಪೈಪು. ಹನ್ನೆರಡು ತಿಂಗಳ ನೀರಿನ ಪರೀಕ್ಷೆ ರಿಪೋರ್ಟ್ ಇಟ್ಟಾರ, ಹನ್ನೆರಡರಾಗೂ ಒಂದ ಅಂಕಿ. ಬ್ಯಾಸಗಿ ನೀರು, ಮಳಿ ನೀರು ಎಲ್ಲಾ ಒಂದ ಆಗತೈತೇನ್ರಿ? ಯಾರೂ ಓದೇ ಇಲ್ಲ ಅದನ್ನ. ನಾ ಬಾಟ್ಲಿ ತುಂಬಿಸಿ ಕಾಲೇಜಿಗೆ ಒಯ್ದು ನೋಡಿಸಿದೆ. ಹೊಲಸು ಐತಿ."

"ಮತ್ತ ಆರ್ಡರ್ ಮಾಡೀಯಲ್ಲ. ಮುಗೀತಲ್ಲ."

"ಮುಗೀಲಿಲ್ಲ. ಪೆನ್ನು ಅಮಾನ್ಯ ಅಂತು." ಅವಳು ತನ್ನ ಬಲಗೈಯನ್ನು ಮೇಲೆ ಕೆಳಗೆ ಮಾಡಿ ನೋಡಿಕೊಂಡಳು. "ಎರಡು ತಿಂಗಳಾತು ಆ ಮಂದಿ ಟ್ಯಾಂಕರ್ ಹಿಂದ ಕೊಡ ಹಿಡಕೊಂಡು ಓಡಾಕತ್ತು. ನೂರು ಹೆಣ್ಮಕ್ಕಳು ಆಫೀಸಿನ ಮುಂದ ಕುಂತಿದ್ರು. ಅವರ ಮುಂದ ನೀರು ಬಿಡಬ್ಯಾಡ ಅಂತ ಸಹಿ ಮಾಡೋವಾಗ ಕೈ ನಡುಗದ ಇರತೈತೇನ್ರಿ?"

ವೀರಭದ್ರ ನೀರಿನ ತಂಬಿಗೆಯನ್ನು ಅವಳ ಕಡೆ ಸರಿಸಿದ.

"ಆ ಪೆನ್ನು ನೀವ ಮಾಡಿದ್ದಲ್ಲ? ತಪ್ಪು ಮಾಡಿ ನಡಗೋ ಕೈ ಯಾವುದು, ಸರಿ ಮಾಡಾಕ ಅಂಜಿ ನಡಗೋ ಕೈ ಯಾವುದು ಅಂತ ಅದಕ್ಕ ತಿಳಿಯಂಗಿಲ್ಲೇನು?"

"ತಿಳಿಯಂಗಿಲ್ಲ," ಅಂದ ಅವನು. ಬೆಳಿಗ್ಗೆ ಬಂದ ಪತ್ರದ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಎದ್ದು ಹೋಗಿ ತಾನೇ ಚಹಾಕ್ಕೆ ಇಟ್ಟ. ಅವನಿಗೆ ನಾಚಿಕೆಯಾಗಿತ್ತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು.

ಹೆದರಿಕೆಯ ಬೇರು ಐದು ವರ್ಷ ಹಿಂದಿನದು. ಪ್ರಾಮಾಣಿಕ ಮನುಷ್ಯನ ಕೈ ಸಹಜವಾಗಿ ಎಷ್ಟು ನಡುಗುತ್ತದೆ ಎಂದು ಮೊದಲು ಅಳೆದರೆ ತಾನೇ ಅಪ್ರಾಮಾಣಿಕನ ಗಡಿ ಹಾಕಲು ಬರುವುದು? ಅದಕ್ಕಾಗಿ ಒಂದು ಕಲ್ಯಾಣ ಮಂಟಪದಲ್ಲಿ ಇನ್ನೂರು ಮಂದಿ ಒಳ್ಳೆಯ ಹೆಸರಿನ ಅಧಿಕಾರಿಗಳನ್ನು ಕೂಡಿಸಿದ್ದರು. ಒಬ್ಬೊಬ್ಬರಿಗೆ ಇಪ್ಪತ್ತು ಕಾಗದದ ಕಟ್ಟು. ಒಂದೊಂದರಲ್ಲಿ ಒಂದೊಂದು ಕಲ್ಪಿತ ಆದೇಶ: ಎರಡು ಹಳ್ಳಿಗೆ ಒಂದೇ ಆಂಬುಲೆನ್ಸ್ ಇದೆ, ಈ ಹಳ್ಳಿಗೆ ಕೊಡಲು ನನ್ನ ಒಪ್ಪಿಗೆ ಇದೆ. ಶಾಲೆಯ ಗೋಡೆ ಬಿರುಕು ಬಿಟ್ಟಿದೆ, ಪರೀಕ್ಷೆ ಮುಗಿಯುವ ತನಕ ಮಕ್ಕಳನ್ನು ಕೂಡಿಸಬಹುದು. ಓದಿದರೆ ಎಂಥ ಧರ್ಮರಾಯನ ಕೈಯೂ ಅಲುಗಬೇಕು, ಅಂಥ ಕಾಗದಗಳು. ಆದರೆ ಕೇಂದ್ರದ ಗುಮಾಸ್ತರು, ದೊಡ್ಡವರಿಗೆ ತೊಂದರೆಯಾಗಬಾರದೆಂದು, ಕಚೇರಿಯ ರೂಢಿಯಂತೆ ಸಹಿ ಬೀಳುವಲ್ಲೆಲ್ಲ ಪೆನ್ಸಿಲಿನಿಂದ ಗುಣಿಸು ಗುರುತು ಹಾಕಿಟ್ಟಿದ್ದರು. ಅಧಿಕಾರಿಗಳು ಗುರುತಿನಿಂದ ಗುರುತಿಗೆ ಹೋದರು. ನಾಲ್ಕೇ ನಿಮಿಷದಲ್ಲಿ ಕಟ್ಟು ಮುಗಿಸಿ ಊಟದ ಹಾಲಿಗೆ ನಡೆದರು. ಸರಾಸರಿ ಎಂಟು ಬಂತು.

ಕಟ್ಟುಗಳನ್ನು ಎತ್ತಿಡುವಾಗ ವೀರಭದ್ರ ಗಮನಿಸಿದ್ದ: ಒಂದು ಕಾಗದದ ಮೂಲೆಯೂ ಮಡಚಿರಲಿಲ್ಲ. ಯಾರೂ ಒಂದು ಸಾಲು ಓದಿರಲಿಲ್ಲ. ಆದರೂ ‘ಎಲ್ಲರೂ ಓದಿ ಸಹಿ ಮಾಡಿದ್ದಾರೆ’ ಎಂಬ ದೃಢೀಕರಣವನ್ನು ಮುಂದಿಟ್ಟಾಗ, ಅದಕ್ಕೂ ಪೆನ್ಸಿಲ್ ಗುರುತಿತ್ತು, ಅವನು ಸಹಿ ಹಾಕಿದ. ಮತ್ತೆ ಇನ್ನೂರು ಮಂದಿಯನ್ನು ಕರೆಸಿ ಓದಿರಿ ಎಂದು ಹೇಳಲು ಅವನಿಗೆ ಸಂಕೋಚವಾಯಿತು. ಅಷ್ಟೇ ಕಾರಣ. ಆ ಎಂಟರ ಮೇಲೆ ಮೂವತ್ತರ ಗಡಿ ನಿಂತಿತು. ಆ ಮೂವತ್ತರ ಮೇಲೆ ನಲವತ್ತೊಂದು ದೇಶಗಳು ನಿಂತಿದ್ದವು.

ಮಾರಿಸೋಲ್‌ಗೆ ನಿಜ ಬರೆದರೆ ನೀಲಾಂಬಿಕಾಳ ಆದೇಶ ಬದುಕುತ್ತದೆ, ಕಂಬಳಿಹಾಳಕ್ಕೆ ಹೊಲಸು ನೀರು ಹೋಗುವುದು ತಪ್ಪುತ್ತದೆ. ಅವನ ನೌಕರಿ ಹೋಗುತ್ತದೆ, ಜೈಲೂ ಆಗಬಹುದು. ಮಂಗಳವಾರವಿಡೀ ಅವನು ಇದನ್ನು ತೂಗಿದ. ಬುಧವಾರ ಮಧ್ಯಾಹ್ನ ನಿರ್ದೇಶಕ ಇನಾಮದಾರರು ಕರೆಸಿದರು.

ಇನಾಮದಾರರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಕೂಡುವವರು. ಮುಂದಿನ ವಾರ ಒಪ್ಪಂದದ ಐದನೇ ವರ್ಷದ ಮಹಾಸಭೆ ಇತ್ತು. ಧಾರವಾಡವನ್ನು ಏಷ್ಯಾಕ್ಕೆಲ್ಲ ಮುಖ್ಯ ಕೇಂದ್ರ ಮಾಡುವ ಮಾತು ನಡೆದಿತ್ತು.

"ಹೂಗಾರ್ರ, ಉರುಗ್ವೆಯವರಿಗೆ ಒಂದು ಉತ್ತರ ಬಾಕಿ ಐತಂತಲ್ಲ. ಪೆನ್ನು ಸರಿ ಐತಿ ಅಂತ ಒಂದು ಸಾಲು. ನಾ ಟೈಪ್ ಮಾಡಿಸೇನಿ."

"ಸಾಹೇಬ್ರ, ಆ ಮಂಟಪದ ಪರೀಕ್ಷೆ..."

"ಐದು ವರ್ಷದ ಮ್ಯಾಲ ಅದ್ಯಾಕ ಈಗ?" ಇನಾಮದಾರರು ದನಿ ಏರಿಸಲಿಲ್ಲ. "ಪೆನ್ನು ತಪ್ಪು ಅಂದ್ರ ನಾಳೆ ಯಾರು ಕುಣೀತಾರ ಗೊತ್ತೈತೇನು? ಲಂಚ ತಿನ್ನೋರು. ಇದ್ದದ್ದರಾಗ ಒಂದು ಬೇಲಿ ಐತಿ. ಅದನ್ನೂ ಕಿತ್ತು ಒಗೀಬೇಕೇನು?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ತೊಂದರೆ. ವೀರಭದ್ರ ತನ್ನ ಬೆರಳು ನೋಡಿಕೊಂಡ. "ನನ್ನ ಕೈ ನಡುಗತೈತ್ರಿ. ಪೆನ್ನು ಒಪ್ಪಂಗಿಲ್ಲ."

ಇನಾಮದಾರರು ಖಾನೆಯಿಂದ ಕಿಟಕಿ ರಟ್ಟು ತೆಗೆದರು. ಅದರ ಜತೆಗೊಂದು ಕಾಗದದ ಕಟ್ಟು. "ನಲವತ್ತು ಕಾಗದ ಅದಾವು. ರಜಾ ಅರ್ಜಿ, ಸಾಬೂನಿನ ಬೇಡಿಕೆ, ಪಂಖಾ ರಿಪೇರಿ. ಅದರಾಗ ನಿಮ್ಮ ಉತ್ತರಾನೂ ಐತಿ. ಎಲ್ಲಿ ಐತಿ ಅನ್ನೋದು ನನಗೂ ಗೊತ್ತಿಲ್ಲ, ಕಲಸಿ ಇಟ್ಟಾರ. ನೀವು ಸಾಬೂನಿಗೆ ಸಹಿ ಮಾಡಾಕತ್ತೀರಿ ಅಂತ ತಿಳ್ಕೋರಿ."

ವೀರಭದ್ರ ಕುರ್ಚಿಯಿಂದ ಏಳಬಹುದಿತ್ತು. ಏಳಲಿಲ್ಲ. ಮೊದಲನೆಯ ಸಹಿಗೆ ಕೈ ತುಸು ತಡೆಯಿತು. ಹನ್ನೆರಡನೆಯದಕ್ಕೆ ಬರುವ ಹೊತ್ತಿಗೆ ಅವನ ಮನಸ್ಸು ಮನೆಗೆ ಒಯ್ಯಬೇಕಾದ ಹಸಿ ಮೆಣಸಿನಕಾಯಿಯ ಕಡೆ ಹೋಗಿತ್ತು. ನಲವತ್ತೂ ಮುಗಿದಾಗ ಯಾವ ಅಂಕಿಯೂ ಒಂಬತ್ತು ದಾಟಿರಲಿಲ್ಲ.

ಗುರುವಾರ ನೀಲಾಂಬಿಕಾಳ ಕೈಗೆ ಅಮಾನತಿನ ಪತ್ರ ಬಂತು. ಅವಳ ಜಾಗಕ್ಕೆ ಬಂದ ಎಂಜಿನಿಯರ್ ಅದೇ ದಿನ ನೀರು ಬಿಡುವ ಆದೇಶಕ್ಕೆ ರಟ್ಟಿನ ಕಿಂಡಿಯೊಳಗೆ ಸಹಿ ಹಾಕಿದ; ಅಳುಕಂಕ ನಾಲ್ಕು. ಶುಕ್ರವಾರ ಕಂಬಳಿಹಾಳದ ಕೆಳಗಿನ ಓಣಿಯ ನಳಗಳಲ್ಲಿ ನೀರು ಬಂತು. ಹೆಣ್ಣುಮಕ್ಕಳು ನಳಕ್ಕೆ ಅರಿಶಿಣ ಕುಂಕುಮ ಹಚ್ಚಿ, ಮೊದಲ ಕೊಡಕ್ಕೆ ಹೂ ಏರಿಸಿ, ಪೇಪರಿನವರಿಗೆ ನಗುತ್ತ ನಿಂತರು. ಆ ಫೋಟೋವನ್ನು ನೀಲಾಂಬಿಕಾ ಮನೆಯಲ್ಲಿ ಕೂತು ನೋಡಿದಳು. ಕೆಳಗಿನ ನಾಲ್ಕು ಸಾಲನ್ನು ಪೆನ್ಸಿಲ್ ಹಿಡಿದು ಎರಡು ಸಲ ಓದಿದಳು.

ಅವಳು ಅಳಲಿಲ್ಲ. ಮರುದಿನ ಏಳೂವರೆಯ ಬಸ್ಸಿಗೆ ಎಂದಿನಂತೆ ಹೊರಟಳು.

"ಎಲ್ಲಿಗೆ? ಅಮಾನತ್ತಿನಾಗ ಇರೋರು ಆಫೀಸಿಗೆ ಹೋಗೋ ಹಂಗಿಲ್ಲ," ಅಂದ ವೀರಭದ್ರ.

"ಆಫೀಸಿಗಲ್ರಿ, ಓಣಿಗೆ. ನೀರು ಕಾಯಿಸಿ ಕುಡೀರಿ ಅಂತ ಹೇಳಾಕ ಯಾರ ಸಹಿ ಬೇಕು?"

ಅವಳು ಮನೆಮನೆಗೆ ಹೋಗಿ ಹೇಳಿದಳು. ಕೆಲವರು ಕೇಳಿದರು. ಕೆಲವರು, ನೀರು ಬಿಡಬ್ಯಾಡ ಅಂದ ಬಾಯಿ ಇದೇ ಅಲ್ಲೇನು ಎಂದು ಬಾಗಿಲು ಹಾಕಿಕೊಂಡರು. ಎಂಟನೆಯ ದಿನಕ್ಕೆ ವಾಂತಿಭೇದಿ ಶುರುವಾಯಿತು. ತಾಲೂಕು ಆಸ್ಪತ್ರೆಯ ಪಡಸಾಲೆಯಲ್ಲಿ ಚಾಪೆ ಹಾಸಿದರು. ಎರಡು ವಾರದಲ್ಲಿ ಒಂಬತ್ತು ಮಂದಿ ಸತ್ತರು. ಅದರಲ್ಲಿ ನಾಲ್ಕು ಮಕ್ಕಳು.

ತನಿಖೆಯೂ ಆಯಿತು. ಕಡತದ ಮೇಲಿನ ಹದಿನಾಲ್ಕು ಮಾನ್ಯ ಸಹಿಗಳನ್ನೂ ಪರಿಶೀಲಿಸಿದರು. ಎಲ್ಲವೂ ಹತ್ತರ ಕೆಳಗೆ. ಯಾರ ಕೈಯೂ ನಡುಗಿಲ್ಲ, ಆದ್ದರಿಂದ ಯಾರದೂ ತಪ್ಪಿಲ್ಲ ಎಂದು ವರದಿ ಬಂತು. ಆ ಕಡತದಲ್ಲಿ ನಡುಗಿದ ಸಹಿ ಒಂದೇ ಒಂದು, ನೀಲಾಂಬಿಕಾಳದು. ಅವಳ ಮೇಲಿನ ಸಂಶಯ ಹೆಚ್ಚಾಯಿತು.

ಅವಳು ಒಂಬತ್ತು ಹೆಸರುಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಳು. ಹುಸೇನಬಿ ನದಾಫ. ಯಲ್ಲಪ್ಪ ತಳವಾರ. ಶಂಕ್ರವ್ವ. ಶಂಕ್ರವ್ವನ ಮೊಮ್ಮಗಳು ಐಶು, ಮೂರು ವರ್ಷ. ವೀರಭದ್ರ ನೀರು ಕುಡಿಯಲು ಹೋದವನು ಅದನ್ನು ನೋಡಿದ. ನೀರು ಕುಡಿಯದೆ ಲೋಟ ಅಲ್ಲೇ ಇಟ್ಟ. ಆಮೇಲೆ ಹೆಂಡತಿಗೆ ಎಲ್ಲ ಹೇಳಿದ: ಮಂಟಪ, ಪೆನ್ಸಿಲ್ ಗುರುತು, ಮಾರಿಸೋಲಳ ಪತ್ರ, ಸಾಬೂನಿನ ಕಾಗದ.

ನೀಲಾಂಬಿಕಾ ಒಲೆಯ ಹಿಂದಿನ ರಟ್ಟಿನ ಮೇಲೆ ಸಿಡಿದಿದ್ದ ಎಣ್ಣೆಯನ್ನು ಅರಿವೆಯಿಂದ ಒರೆಸುತ್ತಿದ್ದಳು. "ಸೋಮವಾರ ಸಂಜೀಕ ನಾ ಕೇಳಿದಾಗ ನಿಮಗ ಗೊತ್ತಿತ್ತು," ಅಂದಳು ಕೊನೆಗೆ.

"ಗೊತ್ತಿತ್ತು."

"ಬರೀರಿ. ಎಲ್ಲಾ ಬರೀರಿ. ನನಗಲ್ಲ, ಉರುಗ್ವೆಯವರಿಗೆ."

ಅವನು ನಾಲ್ಕು ಪುಟ ಬರೆದ. ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಒಂಬತ್ತು ಹೆಸರು. ಮರುದಿನ ಕೇಂದ್ರದಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಮೊದಲಿನಿಂದ ಕೊನೆಯ ತನಕ ಓದಿ, ಸಹಿ ಹಾಕಿದ. ಐದು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು ಅಂದುಕೊಂಡ.

ಅಳುಕಂಕ ತೊಂಬತ್ತೊಂದು. ಅಮಾನ್ಯ.

ಮಾರಿಸೋಲಳ ಪತ್ರ ಬಂತು. "ಮಾನ್ಯರೇ, ತಮ್ಮ ಹೇಳಿಕೆಯನ್ನು ಓದಿದೆನು. ಓದಿ ರೋದಿಸಿದೆನು. ಪ್ರತಿಯೊಂದು ಮಾತೂ ನಿಜವೆಂದು ನಾನು ಬಲ್ಲೆನು. ಆದರೆ ತೊಂಬತ್ತೊಂದನ್ನು ನಾನು ಅಂಗೀಕರಿಸಿದರೆ ನನ್ನ ಸಹಿಯೂ ನಡುಗುವುದು, ಅದೂ ಅಮಾನ್ಯವಾಗುವುದು. ದಯವಿಟ್ಟು ಮೂವತ್ತಕ್ಕಿಂತ ಕೆಳಗೆ ತನ್ನಿರಿ. ಅಭ್ಯಾಸದಿಂದ ಸಾಧ್ಯವಾಗುವುದೆಂದು ಇಲ್ಲಿಯವರು ಹೇಳುವರು. ನಾನು ಕಾಯುತ್ತಿರುವೆನು."

ಇನಾಮದಾರರು ಅಡ್ಡಿ ಮಾಡಲಿಲ್ಲ. ಶಂಕ್ರವ್ವನ ಮನೆಗೆ ಹೋಗಿ ಬಂದಿದ್ದರು; ಅವರಿಗೂ ಊಟ ಸೇರುತ್ತಿರಲಿಲ್ಲ. "ಮಾಡ್ರಿ ಹೂಗಾರ್ರ. ಏನ್ ಆಗತೈತೋ ಆಗ್ಲಿ," ಅಂದರು. ಆದರೆ ನಿಯಮ ನಿಯಮವೇ. ನಲವತ್ತೊಂದು ದೇಶಕ್ಕೆ ಹೋಗುವ ಹೇಳಿಕೆ ಭಾಷಾ ವಿಭಾಗ, ಕಾನೂನು ವಿಭಾಗ, ಅನುವಾದ ವಿಭಾಗ ದಾಟಿ ಬರಬೇಕು. ದಿನಾ ಬೆಳಿಗ್ಗೆ ಅಲ್ಲಿಂದ ಹೊಸ ಪ್ರತಿ ಮುದ್ರಣವಾಗಿ ಬರಬೇಕು, ಹೊಸದಾಗಿ ಸಹಿ ಬೀಳಬೇಕು. ಸ್ವಂತ ಹೇಳಿಕೆಗಳಿಗೆ ಮೂರು ಸಲದ ಅಮಾನತು ನಿಯಮ ಮಾತ್ರ ಅನ್ವಯಿಸುತ್ತಿರಲಿಲ್ಲ.

ಹೀಗೆ ಅವನ ಅಭ್ಯಾಸ ಶುರುವಾಯಿತು. ಮೊದಲ ವಾರ ಪ್ರತಿದಿನ ನಾಲ್ಕೂ ಪುಟ ಓದುತ್ತಿದ್ದ. ಐಶುವಿನ ಹೆಸರು ಬಂದಾಗ ಓದು ನಿಂತುಬಿಡುತ್ತಿತ್ತು; ಮತ್ತೆ ಮೊದಲ ಹೆಸರಿನಿಂದ ಶುರುಮಾಡುತ್ತಿದ್ದ. ತೊಂಬತ್ತು, ಎಂಬತ್ತೆಂಟು, ಮತ್ತೆ ತೊಂಬತ್ತು. ಎರಡನೆಯ ವಾರ ಕೊನೆಯ ಪುಟವನ್ನು ಬಿಟ್ಟು ಓದಿದ, ಅದು ಬಾಯಿಪಾಠವೇ ಆಗಿತ್ತಲ್ಲ, ಎಪ್ಪತ್ತಮೂರು. ಮೂರನೆಯ ವಾರ ಮೊದಲ ಪುಟದ ಮೇಲೆ ಕಣ್ಣಾಡಿಸಿ ಸಹಿ ಹಾಕಿದ, ಐವತ್ತೆರಡು. ಅಂಕಿ ಇಳಿಯುತ್ತಿರುವುದನ್ನು ನೋಡಿ ಅವನಿಗೆ ಸಂತೋಷವಾಗತೊಡಗಿತು. ಸಂಜೆ ಮನೆಗೆ ಬಂದು ಹೇಳುತ್ತಿದ್ದ, "ಇವತ್ತು ನಲವತ್ತಾರು."

"ಊಟ ಮಾಡ್ರಿ," ಅನ್ನುತ್ತಿದ್ದಳು ನೀಲಾಂಬಿಕಾ. ಅವಳು ದಿನಾ ಕಂಬಳಿಹಾಳಕ್ಕೆ ಹೋಗಿ ಬರುತ್ತಿದ್ದಳು. ಈಗ ಓಣಿಯಲ್ಲಿ ಬಾಗಿಲು ಹಾಕುವವರು ಯಾರೂ ಇರಲಿಲ್ಲ. ಆದರೆ ಪೈಪು ಅದೇ ಪೈಪು. ಬಂದ್ ಮಾಡಲು ಮಾನ್ಯವಾದ ಸಹಿಯೊಂದು ಬೇಕಿತ್ತು; ಅಂಥ ಕಾಗದವನ್ನು ಹೊಸ ಎಂಜಿನಿಯರ್ ಮುಂದೆ ಯಾರೂ ಇಡುತ್ತಿರಲಿಲ್ಲ. ಮೊದಲ ಆದೇಶ ಜೀವ ಪಡೆಯುವುದು ಗಂಡನ ಹೇಳಿಕೆ ಅಂಗೀಕಾರವಾದಾಗ. ಇಬ್ಬರೂ ಅದಕ್ಕಾಗಿ ಕಾಯುತ್ತಿದ್ದರು.

ನಲವತ್ತೊಂದನೆಯ ದಿನ ಬೆಳಿಗ್ಗೆ ಪ್ರತಿ ಬಂದಾಗ ವೀರಭದ್ರ ಪಕ್ಕದವರೊಂದಿಗೆ ನಳದ ರಿಪೇರಿಯ ಬಗ್ಗೆ ಏನೋ ಮಾತಾಡುತ್ತಿದ್ದ. ಗುಮಾಸ್ತ ಪೆನ್ಸಿಲ್ ಗುರುತು ಹಾಕಿ ತಂದಿದ್ದ. ಮಾತಿನ ನಡುವೆಯೇ ಸಹಿ ಹಾಕಿದ. ಪೆನ್ನಿನ ದೀಪ ಹಸಿರಾಯಿತು. ಏಳು.

ಸಾಯಂಕಾಲದೊಳಗೆ ಮಾರಿಸೋಲಳ ಅಂಗೀಕಾರ ಬಂತು. ಅದರಲ್ಲಿ ಮಾತುಗಳಿರಲಿಲ್ಲ, ಮೊಹರು ಮಾತ್ರ ಇತ್ತು. ವೀರಭದ್ರ ಅಂಗೀಕೃತ ಪ್ರತಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ದಾರಿಯಲ್ಲಿ ಫೇಡೆ ಕೊಳ್ಳಲೋ ಬೇಡವೋ ಎಂದು ಯೋಚಿಸಿ, ಬೇಡವೆಂದು ಬಿಟ್ಟು, ಮನೆಗೆ ಬಂದ.

"ಆತು," ಅಂದ. "ಏಳಕ್ಕ ಇಳೀತು. ಒಪ್ಪಿಕೊಂಡಾರ."

ನೀಲಾಂಬಿಕಾಳ ಮುಖ ಅರಳಿತು. ಎರಡು ತಿಂಗಳಲ್ಲಿ ಅವನು ನೋಡಿರದ ಮುಖ. ಕೈ ಒರೆಸಿಕೊಂಡು ಬಂದು ಕಾಗದ ಬಿಡಿಸಿದಳು. ಪೆನ್ಸಿಲ್ ತೆಗೆದುಕೊಂಡಳು. ತುಟಿ ಆಡಿಸುತ್ತ ಓದತೊಡಗಿದಳು. ಎರಡನೆಯ ಸಾಲಿಗೇ ಪೆನ್ಸಿಲ್ ನಿಂತಿತು.

"ಇದು ಒಂದ ಪುಟ ಐತಲ್ರಿ."

"ಒಂದ?"

ಅವಳು ಗಟ್ಟಿಯಾಗಿ ಓದಿದಳು. "‘ಆರಂಭಿಕ ಪರೀಕ್ಷೆಯಲ್ಲಿ ಸುಧಾರಣೆಗೆ ಅವಕಾಶವಿತ್ತು ಎಂಬುದನ್ನು ಗಮನಿಸಲಾಗಿದೆ. ಲೇಖನಿಗಳು ಸುಸ್ಥಿತಿಯಲ್ಲಿವೆ. 70438ರ ಬಳಕೆದಾರರು ಸ್ವಭಾವತಃ ಅಳುಕಿನವರಾಗಿದ್ದು, ಸಹಿಯ ಜವಾಬ್ದಾರಿಗೆ ಅವರನ್ನು ಪರಿಗಣಿಸದಿರುವುದು ಸೂಕ್ತ. ಕಂಬಳಿಹಾಳದ ಘಟನೆಗೆ ಸಂತಾಪವಿದೆ.’" ಅವಳು ಕಾಗದ ತಿರುಗಿಸಿ ನೋಡಿದಳು. ಹಿಂದೆ ಖಾಲಿ ಇತ್ತು. "ಹೆಸರು ಎಲ್ಲೆದಾವು?"

ವೀರಭದ್ರ ಇನಾಮದಾರರಿಗೆ ಫೋನ್ ಹಚ್ಚಿದ. ಭಾಷಾ ವಿಭಾಗದವರು ಬಿರುಸು ಮಾತು ತೆಗೆದಿದ್ದರು. ಕಾನೂನು ವಿಭಾಗದವರು ತಪ್ಪೊಪ್ಪಿಗೆಯ ಮಾತು ತೆಗೆದಿದ್ದರು. ಅನುವಾದದವರು ಉದ್ದ ಕಡಿಮೆ ಮಾಡಿದ್ದರು. ದಿನಕ್ಕೊಂದು ಪದ, ದಿನಕ್ಕೊಂದು ಸಾಲು; ಒಂದೊಂದು ತಿದ್ದುಪಡಿಗೂ ಆಯಾ ವಿಭಾಗದವರ ಸಹಿ ರಟ್ಟಿನ ಕಿಂಡಿಯೊಳಗೆ ಬಿದ್ದಿತ್ತು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. "ನಾನೂ ಓದಿಲ್ಲ ಹೂಗಾರ್ರ," ಅಂದರು ಇನಾಮದಾರರು. ಅವರ ದನಿ ಒಡೆದಿತ್ತು. "ದಿನಾ ನೀವ ಓದಾಕತ್ತೀರಿ ಅಂತ ತಿಳಿದಿದ್ದೆ."

ಹೇಳಿಕೆಯನ್ನು ಹಿಂತೆಗೆದುಕೊಳ್ಳಲು ಬರುತ್ತಿರಲಿಲ್ಲ. ಮೂವತ್ತರೊಳಗಿನ ಸಹಿಯನ್ನು ನಲವತ್ತೊಂದು ದೇಶಗಳಲ್ಲಿ ಯಾವುದೂ ಪ್ರಶ್ನಿಸುವಂತಿಲ್ಲ ಎಂಬುದು ಒಪ್ಪಂದದ ಮೊದಲ ಕಲಮು.

ಫೋನ್ ಇಟ್ಟಾಗ ನೀಲಾಂಬಿಕಾ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದಿದ್ದಳು. ಅದನ್ನು ತಿರುಗಿಸಿ ಅವನ ಮುಂದೆ ಇಟ್ಟು, ಪೆನ್ಸಿಲನ್ನು ಅವನ ಕೈಗೆ ಕೊಟ್ಟಳು. ಸಿಟ್ಟು ಇರಲಿಲ್ಲ ಅವಳಲ್ಲಿ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

"ಓದ್ರಿ. ಗಟ್ಟಿಯಾಗಿ ಓದ್ರಿ."

ವೀರಭದ್ರ ಪೆನ್ಸಿಲನ್ನು ಮೊದಲ ಹೆಸರಿನ ಕೆಳಗೆ ಇಟ್ಟ. ಹುಸೇನಬಿ ನದಾಫ. ಯಲ್ಲಪ್ಪ ತಳವಾರ. ಶಂಕ್ರವ್ವ. ಒಂದೊಂದಾಗಿ ಒಂಬತ್ತೂ ಓದಿದ, ಎಲ್ಲಿಯೂ ತಡವರಿಸದೆ. ಐಶುವಿನ ಹೆಸರೂ ಉಳಿದವರ ಹೆಸರಿನಂತೆಯೇ ಬಾಯಿಂದ ಬಂತು.

ನೀಲಾಂಬಿಕಾ ಹೆಸರುಗಳನ್ನು ಕೇಳುತ್ತಿರಲಿಲ್ಲ. ಅವಳು ಅವನ ಕೈಯನ್ನು ನೋಡುತ್ತಿದ್ದಳು. ಅದು ಸಾಲಿನ ಕೆಳಗೆ ನೆಟ್ಟಗೆ ಚಲಿಸುತ್ತಿತ್ತು. ಆಮೇಲೆ ಅವನೂ ಅದನ್ನು ನೋಡಿದ.